ಕೂತಲ್ಲಿಂದ ಏಳದ ದಿನ

ಎಲ್ಲಕ್ಕೂ ಮೂಲ ಆ ದಿಂಬು. ಶಾಲೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ, ಪಾಠ ಮಾಡದಿದ್ದರೂ ಎಲ್ಲರ ಬಾಯಲ್ಲಿ ಮೇಷ್ಟ್ರೇ ಆಗಿದ್ದ ಮನುಷ್ಯ ಅವತ್ತು ಕುರ್ಚಿಗೆಂದು ಮನೆಯಿಂದ ಮೆತ್ತನೆಯ ದಿಂಬು ತಂದಿದ್ದರು. ತಂದವರು ಸುಮ್ಮನಿರಬಾರದೇ?

"ಇವತ್ತು ನಾನು ಕೂತಲ್ಲಿಂದ ಏಳಲ್ಲ! ಒಂದು ಬಟನ್ ಒತ್ತಿದ್ರೆ ಎಲ್ಲಾ ಕಂಪ್ಯೂಟರಿಗೂ ಹೊಸ ಸಾಫ್ಟ್‌ವೇರ್ ತಾನಾಗೇ ಹೋಗುತ್ತೆ," ಎಂದು ಆಫೀಸಿಗೆಲ್ಲ ಸಾರಿಬಿಟ್ಟರು. ಪೆನ್‌ಡ್ರೈವ್ ಹಿಡಿದು ಮಹಡಿ ಹತ್ತಿಳಿದು ಅವರ ಮಂಡಿ ಸವೆದು ಹೋಗಿತ್ತು, ಪಾಪ.

ಹೊಸ ಸಾಫ್ಟ್‌ವೇರ್ ಹಾಜರಿಯದು. ಗುಮಾಸ್ತರು ತಮಗೆ ಬೇಕಾದವರಿಗೆಲ್ಲ ಸುಳ್ಳು ಹಾಜರಿ ಹಾಕುತ್ತಾರೆಂದು ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ಕೆಂಡಾಮಂಡಲವಾಗಿದ್ದರು. ಇನ್ನು ಮೇಲೆ ಪಾಠ ಮಾಡದ ಸಿಬ್ಬಂದಿ ತಮ್ಮ ತಮ್ಮ ಕಂಪ್ಯೂಟರ್ ಮುಂದೆ ಕೂತು ಕೀಲಿ ಒತ್ತುತ್ತಿದ್ದರಷ್ಟೇ ಹಾಜರಿ. ಇಲ್ಲದಿದ್ದರೆ ಒಂದು ರಜೆ ಕಟ್.

"ಆಮೇಲೆ ಯಾರಾದ್ರೂ ತಿದ್ದಿದ್ರೆ?" ಎಂದು ಕೇಳಿದ್ದರು ದೊಡ್ಡ ಮೇಡಂ.

"ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ ಮೇಡಂ," ಎಂದಿದ್ದರು ಮೇಷ್ಟ್ರು, ಎದೆಯುಬ್ಬಿಸಿ.

ಈ ಕೆಲಸ ಇವತ್ತೇ ಮುಗಿಯಬೇಕಿತ್ತು. ನಾಳೆ ಪಕ್ಕದ ಊರಿನಲ್ಲಿ ಮೇಷ್ಟ್ರ ಮಗಳ ಓಟದ ಸ್ಪರ್ಧೆ. ಹಿಂದೆ ಎರಡು ಸಲ ಬರುತ್ತೇನೆಂದು ಹೇಳಿ ಕೈಕೊಟ್ಟಿದ್ದರು. "ಅಪ್ಪಾ, ಈ ಸಲ ಬರ್ದಿದ್ರೆ ನಿನ್ ಜೊತೆ ಟೂ," ಎಂದು ಮಗಳು ಬೆಳಿಗ್ಗೆ ತಾನೇ ಬೆರಳು ತೋರಿಸಿದ್ದಳು. ಉಳಿದಿದ್ದ ಒಂದೇ ಒಂದು ರಜೆಯನ್ನು ಮೇಷ್ಟ್ರು ಅದಕ್ಕೆಂದೇ ಜೋಪಾನ ಮಾಡಿಟ್ಟಿದ್ದರು.

ಬಟನ್ ಒತ್ತಿದರು. ಮೊದಲು ಅವರ ಕಂಪ್ಯೂಟರ್‌ಗೇ ಹೊಸ ಸಾಫ್ಟ್‌ವೇರ್ ಬಂತು. ದಿಂಬಿಗೆ ಒರಗಿ ಕಣ್ಣು ಮುಚ್ಚುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮೇಲಿನ ಮಹಡಿಯ ಲೈಬ್ರರಿ ಮೇಡಂ.

"ಮೇಷ್ಟ್ರೇ, ಸ್ಕ್ರೀನ್ ಮೇಲೆ ಏನೋ ಗುಂಡಗೆ ಸುತ್ತುತ್ತಾ ಇತ್ತು."

"ಸುತ್ತಲಿ ಮೇಡಂ, ಮುಟ್ಟಬೇಡಿ."

"ಅಯ್ಯೋ, ನೋಡೋಕಾಗ್ಲಿಲ್ಲ ಕಣ್ರೀ, ತಲೆ ತಿರುಗ್ತು. ವಯರ್ ಕಿತ್ತು ಹಾಕಿದೆ."

ಮೇಷ್ಟ್ರು ಎದ್ದು ಓಡಿದರು. ಅಲ್ಲಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿ ಏದುಸಿರು ಬಿಡುತ್ತಾ ಇಳಿಯುವಾಗ ಲ್ಯಾಬಿನ ಅಟೆಂಡರ್ ಅಡ್ಡ ಬಂದ. "ಸಾರ್, ಕಂಪ್ಯೂಟರ್ ಪೆಟ್ಟಿಗೆ ಸುಡ್ತಾ ಇತ್ತು. ಒದ್ದೆ ಬಟ್ಟೆ ಹಾಕಿದೀನಿ, ಏನೂ ಭಯ ಇಲ್ಲ!" ಮೇಷ್ಟ್ರು ಲ್ಯಾಬಿಗೆ ಓಡಿದರು. ಬಟ್ಟೆ ಎಳೆದು ಬಿಸಾಕಿ, ಪೆಟ್ಟಿಗೆ ಬಿಚ್ಚಿ ಒರೆಸುತ್ತಿದ್ದರೆ ಕೆಳಗಿನಿಂದ ಗುಮಾಸ್ತರ ಕೂಗು ಕೇಳಿಸಿತು.

"ಯಾರೋ ನನ್ನ ಕಂಪ್ಯೂಟರ್ ಒಳಗೆ ನುಗ್ಗಿದಾರೆ! ತಾನಾಗೇ ಆಫ್ ಆಗ್ತಿದೆ, ತಾನಾಗೇ ಆನ್ ಆಗ್ತಿದೆ! ಹೆದರಬೇಡಿ, ಎಲ್ಲಾ ಕೇಬಲ್ಲೂ ಕಿತ್ತಿದೀನಿ!"

"ಎಲ್ಲಾ ಅಂದ್ರೆ?"

"ಎಲ್ಲಾ!"

ಇಡೀ ಶಾಲೆಯ ಕೇಬಲ್‌ಗಳು ಸೇರುವ ಪೆಟ್ಟಿಗೆ ಹಲ್ಲು ಕಿತ್ತ ಬಾಯಿಯ ಹಾಗೆ ನಿಂತಿತ್ತು. ಯಾವ ಕೇಬಲ್ ಯಾವ ತೂತಿಗೆ ಎಂದು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯಿತು. ಅಷ್ಟರಲ್ಲಿ ಲೈಬ್ರರಿ ಮೇಡಂ ಮತ್ತೆ ವಯರ್ ಕಿತ್ತಿದ್ದರು. ಮೇಷ್ಟ್ರು ಒಂದೊಂದು ಕೋಣೆಯ ಬಾಗಿಲಲ್ಲೂ ಕಾವಲು ನಿಂತು, "ಮುಟ್ಟಬೇಡಿ, ನಿಮ್ಮ ದಮ್ಮಯ್ಯ," ಎಂದು ಬೇಡಿಕೊಂಡರು. ಪೆನ್‌ಡ್ರೈವ್ ಕಾಲದಲ್ಲೂ ಇಷ್ಟು ಓಡಿರಲಿಲ್ಲ.

ಅಂತೂ ಇಂತೂ ಸಂಜೆಯ ಹೊತ್ತಿಗೆ ಎಲ್ಲಾ ಮುಗಿಯಿತು. ದೊಡ್ಡ ಮೇಡಂ ಕರೆಸಿದರು. ಮೇಷ್ಟ್ರು ಬೆವರು ಒರೆಸಿಕೊಂಡು, ಶಭಾಷ್‌ಗಿರಿಗೆ ಮುಖ ಅಣಿ ಮಾಡಿಕೊಂಡು ಹೋದರು.

"ಭೇಷ್! ಹಾಜರಿ ಆಗಲೇ ಬಂದಿದೆ ನೋಡಿ. ಗುಮಾಸ್ತರು ಹಾಜರ್." ಕೇಬಲ್ ಸಿಕ್ಕಿಸಿದ ಮೇಲೆ ಅವರು ಸಂಜೆವರೆಗೂ ಇಸ್ಪೀಟ್ ಆಡಿದ್ದು ಕಂಪ್ಯೂಟರಿನಲ್ಲೇ. "ಲೈಬ್ರರಿ ಮೇಡಂ ಹಾಜರ್." ಅವರು ಕೀಬೋರ್ಡಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದಿದ್ದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರು. "ಒಬ್ಬರು ಮಾತ್ರ ಬೆಳಿಗ್ಗೆ ಒಂದು ಬಟನ್ ಒತ್ತಿ ಎದ್ದವರು ಮತ್ತೆ ಕುರ್ಚಿಗೆ ಬಂದೇ ಇಲ್ಲ. ಗೈರುಹಾಜರು. ರಜೆ ಕಟ್ ಆಗಿದೆ."

ಮೇಷ್ಟ್ರು ಬಗ್ಗಿ ಪರದೆಯ ಮೇಲೆ ತಮ್ಮ ಹೆಸರು ನೋಡಿದರು. "ಮೇಡಂ, ನಾನು ಓಡಾಡ್ತಾ ಇದ್ದಿದ್ದನ್ನ ನೀವೇ ನೋಡಿದ್ರಲ್ಲ!"

"ನೋಡಿದೆ ಕಣ್ರೀ. ಅದಕ್ಕೇ ಸರಿಮಾಡೋಣ ಅಂತ ಅರ್ಧ ಗಂಟೆಯಿಂದ ಒದ್ದಾಡ್ತಿದೀನಿ. ಜಪ್ಪಯ್ಯ ಅಂದ್ರೂ ಆಗ್ತಿಲ್ಲ. ಎಷ್ಟು ಗಟ್ಟಿ ಕೆಲಸ ಮಾಡಿದೀರಿ!"

ಹೊರಗೆ ಬಂದರೆ ಗುಮಾಸ್ತರು ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ನಿಂತಿದ್ದರು. "ಛೆ, ಎಂಥಾ ಅನ್ಯಾಯ ಮೇಷ್ಟ್ರೇ! ಹಾಜರಿ ನನ್ನ ಕೈಲೇ ಇದ್ದಿದ್ರೆ ಒಂದೇ ಗೀಟಲ್ಲಿ ಹಾಜರ್ ಮಾಡಿಬಿಡ್ತಿದ್ದೆ."

ಮೇಷ್ಟ್ರು ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಅಪ್ಪಾ, ನಾಳೆ ಮುಂದಿನ ಸಾಲಲ್ಲೇ ಕೂರ್ತೀಯಲ್ವಾ?"