ಮುಖಪುಟ ಬಿಟ್ಟುಕೊಟ್ಟ ಕಥೆ

ಅಭಿಪ್ರಾಯ ಕೇಳುವವರಿಗೆ ನಿಜವಾಗಿ ಬೇಕಾಗಿರುವುದು ಹೊಗಳಿಕೆ. ಬೇರೆಯವರ ವಿಷಯ ಗೊತ್ತಿಲ್ಲ, ನನಗಂತೂ ಅದೇ. ಬೆಂಗಳೂರಿನ ಪದ್ಮನಾಭನಗರದಲ್ಲಿ ನಾವು ನಾಲ್ಕು ಜನ ಸೇರಿ ನಡೆಸುತ್ತಿದ್ದ ವನ್ಯಜೀವಿ ಸಂರಕ್ಷಣೆಯ ಸಂಘಕ್ಕೆ ಒಂದು ವೆಬ್‌ಸೈಟ್ ಇತ್ತು. ಅದರ ಮುಖಪುಟದ ತುಂಬ 'ಮನುಷ್ಯನೂ ಮೃಗಪಕ್ಷಿಗಳೂ' ಎಂಬ ನನ್ನ ಲೇಖನ. ಒಂದು ಬೇಸಿಗೆ ಪೂರ್ತಿ ಕೂತು, ಹೆಂಡತಿಯಿಂದ ಬೈಸಿಕೊಂಡು ಬರೆದದ್ದು. ಅದರ ಒಂದು ಸಾಲನ್ನು ಯಾರಾದರೂ ಮುಟ್ಟುತ್ತೇನೆಂದರೂ ನನಗೆ ಮೈ ಉರಿಯುತ್ತಿತ್ತು.

ಮುಟ್ಟಲು ಬಂದವಳು ವೀಣಾ. ಹುಬ್ಬಳ್ಳಿಯ ಹುಡುಗಿ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ರೂಮು, ಯಾವುದೋ ಕಂಪನಿಯಲ್ಲಿ ವೆಬ್‌ಸೈಟ್ ವಿನ್ಯಾಸದ ಕೆಲಸ. ಭಾನುವಾರ ಮಾತ್ರ ನಮಗೆ ಪುಕ್ಕಟೆ ಸೇವೆ. ಸೈಟನ್ನು ಹೊಸದಾಗಿ ಮಾಡುವ ಮೊದಲು ಜನರ ಮನೆಗೇ ಹೋಗಿ, ಅವರು ಅದನ್ನು ಹೇಗೆ ಬಳಸುತ್ತಾರೆಂದು ನೋಡಬೇಕು ಎಂದಳು. "ನೀವು ಹಿಂದ ಸುಮ್ನ ಕುಂದರ್ರಿ ಸರ್. ಏನೂ ಹೇಳಿಕೊಡಬ್ಯಾಡ್ರಿ" ಎಂದು ಅಪ್ಪಣೆ ಬೇರೆ.

ಮೊದಲು ಹೋದದ್ದು ನಮ್ಮ ಎದುರುಮನೆಯ ಕಮಲಮ್ಮನವರಲ್ಲಿಗೆ. ಅವರ ಮಗನ ಕಂಪ್ಯೂಟರಿನಲ್ಲಿ ಸೈಟ್ ತೆರೆದುಕೊಟ್ಟು, ಹೇಗಿದೆ ಎಂದು ಕೇಳಿದೆವು.

"ತುಂಬಾ ಚೆನ್ನಾಗಿದೆ ಸಾರ್. ಕಾಫಿಗೆ ಸಕ್ಕರೆ ಸಾಕಾ?"

ನನ್ನ ಮಟ್ಟಿಗೆ ಸಂಶೋಧನೆ ಅಲ್ಲಿಗೆ ಮುಗಿದಿತ್ತು. ವೀಣಾ ಬಿಡಲಿಲ್ಲ. "ಆಂಟಿ, ನಿಮ್ಮ ಬಚ್ಚಲಕ್ಕ ಹಾವು ಬಂದದ ಅಂತ ತಿಳ್ಕೋರಿ. ಯಾರಿಗೆ ಹೇಳಬೇಕು, ಇದರಾಗ ಹುಡುಕ್ರಿ."

ಕಮಲಮ್ಮ ನನ್ನ ಲೇಖನವನ್ನು ಮೇಲಕ್ಕೆ ಸರಿಸಿದರು, ಸರಿಸುತ್ತಲೇ ಹೋದರು. ಫೋನ್ ನಂಬರ್ ಇದ್ದದ್ದು ಕೊನೆಯ ಸಾಲಿನ ಕೆಳಗೆ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಕಡೆಗೆ ಅವರು ಮೌಸ್ ಬಿಟ್ಟು, "ಇದ್ರಲ್ಲಿ ಯಾಕೆ ಹುಡುಕ್ಲಿ? ಸಾರ್ ಎದುರಿಗೇ ಇದ್ದಾರಲ್ಲ, ಹೋಗಿ ಬಾಗಿಲು ತಟ್ತೀನಿ" ಎಂದರು.

ಉಳಿದ ಮನೆಗಳಲ್ಲೂ ಅದೇ ಹೊಗಳಿಕೆ, ಅದೇ ಹುಡುಕಾಟ. "ಮಂದಿಗೆ ನೀವು ಬೇಕು ಸರ್, ನಿಮ್ಮ ಲೇಖನ ಬ್ಯಾಡ" ಎಂದು ವೀಣಾ ತೀರ್ಪು ಕೊಟ್ಟಳು. ನಾನು ಜಗಳವಾಡಿದೆ, ಸಂಘ ಬಿಡುತ್ತೇನೆಂದೂ ಹೆದರಿಸಿದೆ. ಯಾರೂ ಹೆದರಲಿಲ್ಲ. ಮುಂದಿನ ಭಾನುವಾರ ಲೇಖನ ಮಾಯವಾಗಿ, ಆ ಜಾಗದಲ್ಲಿ ನಮ್ಮ ಮನೆಯ ಫೋನ್ ನಂಬರ್ ಅಂಗಡಿ ಬೋರ್ಡಿನಂತೆ ದಪ್ಪಕ್ಷರದಲ್ಲಿ ಕೂತಿತ್ತು. ಸಂಘಕ್ಕೆ ಬೇರೆ ಫೋನೇ ಇರಲಿಲ್ಲ. ಅಂದಿನಿಂದ ಊಟಕ್ಕೆ ಕೂತರೆ ಕೋತಿ, ಸ್ನಾನಕ್ಕೆ ಹೊರಟರೆ ಗೂಬೆ.

ಒಂದು ದಿನ ಗೊಟ್ಟಿಗೆರೆಯಿಂದ ಯಾರೋ ಫೋನ್ ಮಾಡಿದರು. "ಸಾರ್, ನಿಮ್ಮ ಸೈಟಲ್ಲಿ ಮೊದ್ಲು ಒಂದು ದೊಡ್ಡ ಲೇಖನ ಇತ್ತಲ್ಲ?"

ನನಗೆ ಎದೆ ತುಂಬಿ ಬಂತು. ಒಬ್ಬ ಓದುಗನಾದರೂ ಇದ್ದನಲ್ಲ. ಬರೆದವನು ನಾನೇ ಎಂದು ಹೇಳಲು ಬಾಯಿ ತೆರೆದೆ.

"ಅದನ್ನ ತೆಗ್ದಿದ್ದು ಒಳ್ಳೇದಾಯ್ತು ಸಾರ್. ಹೋದ್ಸಲ ನಂಬರ್ ಸಿಗೋಷ್ಟರಲ್ಲಿ ಹಾವೇ ಹೊರಟುಹೋಗಿತ್ತು."

ನಾನು ಪೆನ್ನು ತೆಗೆದುಕೊಂಡು, ಈಗಿನ ಹಾವು ಎಲ್ಲಿದೆ ಎಂದು ಕೇಳಿದೆ.