ನನ್ನ ಪತ್ರಿಕಾ ತರಬೇತಿಯೂ ಯಲಬುರ್ಗಾದ ಅಜ್ಜನೂ

ಎಂಬತ್ತರ ದಶಕದ ಆರಂಭದಲ್ಲಿ ನಾನು ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ನಾಡಿಗೆ ನನ್ನಂಥ ಸಂಪಾದಕನ ತುರ್ತು ಅಗತ್ಯವಿದೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಯಾವುದಾದರೂ ಪತ್ರಿಕೆಯಲ್ಲಿ ಒಂದು ತಿಂಗಳು ದುಡಿದು ಸರ್ಟಿಫಿಕೇಟ್ ತಂದರೆ ಮಾತ್ರ ತರಬೇತಿಯ ಅಂಕ ಸಿಗುತ್ತದೆ, ಅಂಕವಿಲ್ಲದಿದ್ದರೆ ಡಿಗ್ರಿಯೂ ಇಲ್ಲ ಎಂದು ಪ್ರಾಧ್ಯಾಪಕರು ಹೇಳಿದ್ದರು. ದೊಡ್ಡ ಪತ್ರಿಕೆಗಳಿಗೆಲ್ಲ ಬರೆದುಕೊಂಡೆ. ನಾಡಿನ ತುರ್ತು ಅವರಿಗೆ ತಿಳಿದಂತೆ ಕಾಣಲಿಲ್ಲ. ಒಬ್ಬರೂ ಉತ್ತರಿಸಲಿಲ್ಲ.

ರಜೆ ಕರಗುತ್ತಿತ್ತು. ಕೊನೆಗೆ ಊರಿಗೆ, ಕೊಪ್ಪಳಕ್ಕೆ ಬಂದು, ಭಾಗ್ಯನಗರದ ಮಲ್ಲೇಶಪ್ಪನವರ ಮುದ್ರಣಾಲಯಕ್ಕೆ ಹೋದೆ. ಅವರು ಶನಿವಾರಕ್ಕೊಮ್ಮೆ ಒಂದು ವಾರಪತ್ರಿಕೆ ತರುತ್ತಿದ್ದರು. ಉಳಿದ ದಿನಗಳಲ್ಲಿ ಬರೀ ಲಗ್ನಪತ್ರಿಕೆ.

"ಎರಡೂ ಪತ್ರಿಕೀನ. ಕುಂದರ್ರಿ," ಎಂದರು.

ಸಂಪಾದಕೀಯ ಬರೆಯಲು ಪೆನ್ನಿಗೆ ಮಸಿ ತುಂಬಿಕೊಂಡು ಹೋಗಿದ್ದ ನನ್ನ ಕೈಗೆ ಲಗ್ನಪತ್ರಿಕೆಗಳ ಕರಡು ತಿದ್ದುವ ಕೆಲಸ ಬಂತು. ಆದರೂ ಅದನ್ನು ಗಾಂಭೀರ್ಯದಿಂದಲೇ ಸ್ವೀಕರಿಸಿದೆ.

ಒಂದು ದಿನ ಮಲ್ಲೇಶಪ್ಪನವರು ಕಾಗದ ತರಲು ಗಂಗಾವತಿಗೆ ಹೋದರು. ಮುದ್ರಣಾಲಯ ನನ್ನ ಸುಪರ್ದಿಗೆ ಬಂತು! ಯಲಬುರ್ಗಾದ ಮನೆಯೊಂದರ ಲಗ್ನಪತ್ರಿಕೆ ಅಂದೇ ಅಚ್ಚಾಗಬೇಕಿತ್ತು. ಕರಡು ನೋಡಿದೆ. ವರನ ಅಜ್ಜನ ಹೆಸರಿನ ಹಿಂದೆ 'ದಿ.' ಎಂದಿತ್ತು, ಅಂದರೆ ದಿವಂಗತ. ವಧುವಿನ ಅಜ್ಜ ಬಸಲಿಂಗಪ್ಪನವರ ಹೆಸರಿನ ಹಿಂದೆ 'ಶ್ರೀ' ಎಂದಿತ್ತು. ಬರೆದವರು ಅವಸರದಲ್ಲಿ ತಪ್ಪಿದ್ದಾರೆ ಎಂದುಕೊಂಡೆ. ಬರವಣಿಗೆಯಲ್ಲಿ ಏಕರೂಪತೆ ಇರಬೇಕೆಂದು ನಮಗೆ ತರಗತಿಯಲ್ಲಿ ಒತ್ತಿ ಹೇಳಿದ್ದರು. ಶ್ರೀಯನ್ನು ಹೊಡೆದು ಹಾಕಿ 'ದಿ.' ಮಾಡಿಸಿದೆ. ಸಂಜೆಯ ಬಸ್ಸಿಗೆ ಕಟ್ಟುಗಳೆಲ್ಲ ಹೋದವು. ಅಂದು ನನಗೆ ಬಹಳ ಒಳ್ಳೆಯ ನಿದ್ದೆ ಬಂತು.

ಮುಂದಿನದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಬಸಲಿಂಗಪ್ಪನವರ ಮಗಳು ಗಂಗವ್ವನನ್ನು ತಾವರಗೇರಾಕ್ಕೆ ಕೊಟ್ಟಿತ್ತು. ಮನೆಯವರು ಓದಿ ನೋಡದೆ ಹಂಚಿದ್ದ ಲಗ್ನಪತ್ರಿಕೆಯನ್ನು ಓದಿಸಿಕೊಂಡ ಆಕೆ, ಅಪ್ಪ ಸತ್ತದ್ದನ್ನು ತನಗೊಂದು ಮಾತು ತಿಳಿಸಲಿಲ್ಲವೆಂದು ಎದೆ ಬಡಿದುಕೊಳ್ಳುತ್ತ ಯಲಬುರ್ಗಾದ ಬಸ್ಸು ಹತ್ತಿದಳು. ತವರುಮನೆಯ ಬಾಗಿಲಲ್ಲಿ ಕುಸಿದು ಕೂತು, ಅಪ್ಪನ ಗುಣಗಳನ್ನು ಒಂದೊಂದಾಗಿ ಹೇಳಿ ಅತ್ತಳು. ಓಣಿಯೇ ಸೇರಿತು. ಒಳಗಿನಿಂದ ಶೇಂಗಾ ತಿನ್ನುತ್ತ ಬಂದವರು, ಯಾರು ಸತ್ತರೆಂದು ವಿಚಾರಿಸಿದರು. ಅವರೇ ಬಸಲಿಂಗಪ್ಪ!

ಗಂಗವ್ವ ತವರಿಗೆ ಬಂದ ಮರುದಿನ ಮುದ್ರಣಾಲಯದ ಮುಂದೆ ಜೀಪು ನಿಂತಿತು. ಇಬ್ಬರು ಗಂಡುಮಕ್ಕಳ ನಡುವೆ ದೊಡ್ಡ ರುಮಾಲಿನ ಅಜ್ಜ ಇಳಿದರು. ಮಲ್ಲೇಶಪ್ಪನವರು ಲಗ್ನಪತ್ರಿಕೆ ಓದಿದರು, ಅಜ್ಜನನ್ನು ನೋಡಿದರು, ಆಮೇಲೆ ನನ್ನನ್ನು ಹುಡುಕಿದರು. ನಾನು ಕಾಗದದ ಬಂಡಲುಗಳ ಹಿಂದಿದ್ದೆ.

"ಸುದ್ದಿ ಬರಿಯಾಕ ಬಂದಾಂವ ಮನಷ್ಯಾರನ್ನ ತಗ್ಯಾಕ ಹತ್ತಿದ್ಯಾ?" ಎಂದರು.

ಡಿಗ್ರಿ ಹೋಯಿತು ಎಂದುಕೊಂಡೆ. ಅಜ್ಜನ ಗಂಡುಮಕ್ಕಳ ತೋಳುಗಳನ್ನು ನೋಡಿದ ಮೇಲೆ, ಡಿಗ್ರಿ ಅಷ್ಟೇನೂ ಮುಖ್ಯವಲ್ಲ ಅನಿಸಿತು. ತಿದ್ದಿದವನು ನಾನೇ ಎಂದು ಒಪ್ಪಿಕೊಂಡೆ. ಅಜ್ಜ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನನ್ನ ಮಗಳು ಒಂದು ಮಾತಿಗೆ ಸಿಟ್ಟಾಗಿ ಹೋದಾಕಿ, ಭಾಳ ವರ್ಷ ಮನಿ ತುಳಿದಿದ್ದಿಲ್ಲ. ನಾನ ಹೋಗಿ ಕರದೆ, ಬರ್ಲಿಲ್ಲ. ಈ ಮದುವಿಗೂ ಒಲ್ಲೆ ಅಂದಿದ್ಲು. ನೀ ನನ್ನ ಸಾಯಿಸಿದಿ ನೋಡು, ಓಡಿ ಬಂದ್ಲು. ಈಗ ಮನ್ಯಾಗ ಹೋಳಿಗಿ ಮಾಡಾಕತ್ಯಾಳ."

ಗಂಡುಮಕ್ಕಳಿಬ್ಬರೂ ನಕ್ಕರು. ಎಲ್ಲರಿಗೂ ಚಹಾ ಬಂತು, ನನಗೂ!

"ಹೊಸಾವು ಅಚ್ಚು ಹಾಕ್ರಿ," ಎಂದರು ಅಜ್ಜ ಏಳುತ್ತ. "ಈ ಸಲ ಶ್ರೀ ಇರ್ಲಿ. ಮದುವಿ ಮುಗಿಯೂತನಕ ಇರಬೇಕಂತ ಮಾಡೀನಿ."

ತಿಂಗಳು ತುಂಬುವ ಮೊದಲೇ, ತುಂಬಿತೆಂದು ಬರೆದು, ಮಲ್ಲೇಶಪ್ಪನವರು ಸರ್ಟಿಫಿಕೇಟ್ ಕೊಟ್ಟುಬಿಟ್ಟರು. ಧಾರವಾಡ ಮುಟ್ಟುವವರೆಗೂ ಬಸ್ಸಿನಲ್ಲಿ ಅದನ್ನೇ ಓದಿದೆ. 'ಕೆಲಸ ಮಾಡಲು ಯೋಗ್ಯರು' ಎಂಬ ಕೊನೆಯ ಮಾತೇ ಕಣ್ಣು ತುಂಬಿತ್ತು. ಪ್ರಾಧ್ಯಾಪಕರು ತರಗತಿಯಲ್ಲಿ ಗಟ್ಟಿಯಾಗಿ ಓದಿದಾಗಲೇ ಪೂರ್ತಿ ವಾಕ್ಯ ನನಗೆ ತಿಳಿದದ್ದು: 'ಇವರು ನಮ್ಮ ಮುದ್ರಣಾಲಯ ಒಂದನ್ನು ಬಿಟ್ಟು ಬೇರೆ ಎಲ್ಲಿಯಾದರೂ ಕೆಲಸ ಮಾಡಲು ಯೋಗ್ಯರು.' ಕರಡು ತಿದ್ದುವವನ ಕಣ್ಣಿಗೇ ಅದು ಬಿದ್ದಿರಲಿಲ್ಲ. ನಗು ನಿಂತ ಮೇಲೆ ಅವರು ಪಾಸಾಗುವಷ್ಟು ಅಂಕ ಕೊಟ್ಟರು.

ನಾನು ಸಂಪಾದಕನಾಗಲಿಲ್ಲ, ಕುಷ್ಟಗಿಯಲ್ಲಿ ಮೇಷ್ಟ್ರಾದೆ. ಆ ಕೆಲಸದಲ್ಲಿ ನನ್ನಂಥವನಿಗೊಂದು ಅನುಕೂಲವಿದೆ. ದಿನವೂ ಬೆಳಿಗ್ಗೆ ಹೆಸರು ಕರೆದು, ಪ್ರತಿಯೊಬ್ಬರೂ ಬದುಕಿದ್ದಾರೆಂದು ಅವರ ಬಾಯಿಂದಲೇ ಖಚಿತಪಡಿಸಿಕೊಳ್ಳಬಹುದು.