ದರ್ಜಿಯ ಹೊಟ್ಟೆ ಉಪಕಚೇರಿಯಾದದ್ದು

ಆಂಟಿಬಯಾಟಿಕ್ ಮಾತ್ರೆಯೂ ಗಿಡಮೂಲಿಕೆಯ ಸಾರವೂ ದೊಡ್ಡಾಸ್ಪತ್ರೆಯ ಯಾವ ಕೋಣೆಯಲ್ಲೂ ಒಟ್ಟಿಗೆ ಸೇರಕೂಡದು ಎಂಬುದು ನಿಯಮ. ಮೊದಲನೆಯದು ಮಾತ್ರೆ ವಿಭಾಗದ್ದು, ಎರಡನೆಯದು ಸೊಪ್ಪು ವಿಭಾಗದ್ದು. ಈ ಎರಡು ವಿಭಾಗಗಳ ಮುಖ್ಯಸ್ಥರು ಒಂದೇ ಲಿಫ್ಟ್ ಕೂಡ ಹತ್ತುವುದಿಲ್ಲ.

ದರ್ಜಿಯ ಹೆಬ್ಬೆರಳಿಗೆ ಈ ನಿಯಮ ಗೊತ್ತಿರಲಿಲ್ಲ. ಸೂಜಿ ಚುಚ್ಚಿ, ಕೀವು ತುಂಬಿ, ಬದನೆಕಾಯಿಯ ಹಾಗೆ ಊದಿಕೊಂಡಿತ್ತು.

"ಈ ಬ್ಯಾಕ್ಟೀರಿಯಾ ಬರೀ ಮಾತ್ರೆಗೆ ಜಗ್ಗಲ್ಲಮ್ಮ," ಎಂದರು ಡಾಕ್ಟರು, ದರ್ಜಿಯ ಹೆಂಡತಿಗೆ. "ಸೊಪ್ಪಿನ ಸಾರ ಅದರ ಗೋಡೆ ಸಡಿಲ ಮಾಡುತ್ತೆ, ಆಗ ಮಾತ್ರೆ ಒಳಗೆ ನುಗ್ಗುತ್ತೆ. ಎರಡೂ ಜೊತೆಗೇ ಹೋಗ್ಬೇಕು. ಇಲ್ದಿದ್ರೆ ಬೆರಳೇ ತೆಗೀಬೇಕಾಗುತ್ತೆ."

"ಅಯ್ಯೋ, ಬೆರಳು ಹೋದ್ರೆ ಕತ್ತರಿ ಹಿಡಿಯೋದು ಹೇಗೆ? ಎರಡೂ ಕೊಡಿ ಡಾಕ್ಟ್ರೇ."

"ಕೊಡ್ಬಹುದು. ಆದ್ರೆ ಬೆರೆಸೋ ಹಾಗಿಲ್ಲ."

"ಇವರ ಹೊಟ್ಟೇಲಿ ಬೆರೆಯುತ್ತಲ್ಲ!"

ಈ ಮಾತು ಅವಳು ಆಡಬಾರದಿತ್ತು. ಡಾಕ್ಟರು ಗಾಬರಿಯಾಗಿ ಎರಡೂ ವಿಭಾಗದ ಮುಖ್ಯಸ್ಥರನ್ನು ಕರೆಸಿದರು. ಅವರು ಬೇರೆ ಬೇರೆ ಮೆಟ್ಟಿಲಿನಿಂದ ಬಂದು, ದರ್ಜಿಯನ್ನು ಮಲಗಿಸಿ, ಹೊಟ್ಟೆ ಒತ್ತಿ ನೋಡಿ, ಅದು ಅನುಮತಿಯಿಲ್ಲದ ಮಿಶ್ರಣ ಸ್ಥಳವೆಂದು ಒಮ್ಮತದಿಂದ ತೀರ್ಮಾನಿಸಿದರು. ಅವರಲ್ಲಿ ಒಮ್ಮತ ಮೂಡಿದ್ದು ಅದೇ ಮೊದಲು. ಜವಾನ ಚಪ್ಪಾಳೆ ತಟ್ಟಿದ.

"ಅನುಮತಿ ಕೊಟ್ಬಿಡಿ ಸ್ವಾಮಿ," ಎಂದಳು ಹೆಂಡತಿ.

"ಹೊಟ್ಟೆಗೆಲ್ಲ ಕೊಡೋಕಾಗಲ್ಲಮ್ಮ. ಕಚೇರಿಗಾದ್ರೆ ಕೊಡ್ಬಹುದು," ಎಂದರು ಮಾತ್ರೆ ವಿಭಾಗದ ಮುಖ್ಯಸ್ಥರು.

"ಹಾಗಾದ್ರೆ ಹೊಟ್ಟೇನೇ ಕಚೇರಿ ಮಾಡಿ. ಎರಡು ಕಡೇನೂ ನಡೆಯೋದು ತಿನ್ನೋ ಕೆಲಸಾನೇ ತಾನೆ?"

ಮುಖ್ಯಸ್ಥರು ಈ ಸಲಹೆಯನ್ನು ಗೌರವಪೂರ್ವಕವಾಗಿ ಸ್ವೀಕರಿಸಿದರು. ಕೂಡಲೇ ಪ್ರಕಟಣೆ ಹೊರಟಿತು: 'ದರ್ಜಿಯ ಹೊಟ್ಟೆಯನ್ನು ಜಂಟಿ ಮಿಶ್ರಣ ಉಪಕಚೇರಿಯೆಂದು ಘೋಷಿಸಲಾಗಿದೆ. ಕೆಲಸದ ವೇಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದು. ವೇಳೆ ಮೀರಿದ ಮೇಲೆ ಸದರಿ ಕಚೇರಿಯು ಗುಡುಗುಡು ಸದ್ದು ಮಾಡತಕ್ಕದ್ದಲ್ಲ.' ಹೊಕ್ಕುಳ ಮೇಲೆ ಒಂದು ಫಲಕವನ್ನೂ ಕಟ್ಟಿದರು.

ಮಾತ್ರೆ ಒಳಗೆ ಹೋಯಿತು, ಸಾರವೂ ಒಳಗೆ ಹೋಯಿತು. ಬಾವು ಇಳಿದು, ಹೆಬ್ಬೆರಳು ಮತ್ತೆ ಕತ್ತರಿಯ ಹಿಡಿಯೊಳಗೆ ಸಲೀಸಾಗಿ ತೂರತೊಡಗಿತು. ಹೆಂಡತಿ ಖುಷಿಯಿಂದ ಫಲಕ ಬಿಚ್ಚಲು ಹೋದರೆ ಜವಾನ ಓಡಿಬಂದು ಕೈ ಹಿಡಿದ.

"ಅಕ್ಕಾ, ಬೇಡ! ತೆರೆದ ಕಚೇರಿ ಮುಚ್ಚೋ ಪದ್ಧತಿ ನಮ್ಮಲ್ಲಿಲ್ಲ. ಮಾತ್ರೆ ವಿಭಾಗದ ಸಾಹೇಬರ ಅಳಿಯನ್ನ ಆಗ್ಲೇ ಇದಕ್ಕೆ ಅಧಿಕಾರಿ ಮಾಡಿದಾರೆ."

ಈಗ ಅಳಿಯ ಸಾಹೇಬರು ಪ್ರತಿದಿನ ಮಧ್ಯಾಹ್ನ ತಪಾಸಣೆಗೆ ಬಂದು, ದರ್ಜಿಯ ಪಕ್ಕದಲ್ಲೇ ಎಲೆ ಹಾಕಿಸಿಕೊಂಡು ಉಂಡು, ತೇಗಿ, ಕೆಲಸ ತೃಪ್ತಿಕರವೆಂದು ಹೇಳಿ ಹೋಗುತ್ತಾರೆ.

ಸಂಜೆ ದರ್ಜಿ, "ಲೇ, ಹಸಿವಾಗ್ತಿದೆ ಕಣೇ," ಎನ್ನುತ್ತಾನೆ.

ಹೆಂಡತಿ ಗಡಿಯಾರ ನೋಡಿ, ಪಾತ್ರೆಯ ಮುಚ್ಚಳ ಮುಚ್ಚಿ, "ಕಚೇರಿ ಮುಚ್ಚಿದೆ. ನಾಳೆ ಬನ್ನಿ," ಎನ್ನುತ್ತಾಳೆ.

ದರ್ಜಿ ಫಲಕವನ್ನು ನೆಟ್ಟಗೆ ಮಾಡಿಕೊಂಡು ಮಲಗುತ್ತಾನೆ.